ದೂರದ ಬೈಕ್ ಸವಾರಿಗೆ ಬಿಸಿಲಿನ ಲೆಕ್ಕ

ದೊಡ್ಡ ಸವಾರಿಗೆ ಸಿದ್ಧವಾಗುವವರು ಪೆಟ್ರೋಲ್ ಎಲ್ಲಿ ಸಿಗುತ್ತದೆ, ಟೈರ್ ಎಷ್ಟು ಸವೆದಿದೆ, ಮಳೆ ಬರುತ್ತದೋ ಇಲ್ಲವೋ ಎಂದೆಲ್ಲ ನೋಡಿಕೊಳ್ಳುತ್ತಾರೆ. ಯಾವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ ಎಂದು ನೋಡುವವರು ಕಡಿಮೆ. ಮಳೆಯ ಮುನ್ಸೂಚನೆ ತಪ್ಪಬಹುದು, ಪೆಟ್ರೋಲ್ ಬಂಕ್ ಮುಚ್ಚಿರಬಹುದು. ಸೂರ್ಯ ಮಾತ್ರ ಹೇಳಿದ ನಿಮಿಷಕ್ಕೆ ಹೇಳಿದ ಜಾಗದಲ್ಲೇ ಇರುತ್ತಾನೆ. ಇಡೀ ಯೋಜನೆಯಲ್ಲಿ ಇಷ್ಟು ನಿಖರವಾಗಿ ಮೊದಲೇ ಗೊತ್ತಾಗುವ ಸಂಗತಿ ಇನ್ನೊಂದಿಲ್ಲ, ನಾವು ಕೈಬಿಡುವುದೂ ಅದನ್ನೇ.

ದೂರದ ಬೈಕ್ ಸವಾರಿಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಐರನ್ ಬಟ್ ಅಸೋಸಿಯೇಷನ್‌ನ ಸ್ಯಾಡಲ್‌ಸೋರ್ 1000 ಸವಾರಿಯಲ್ಲಿ 24 ಗಂಟೆಯೊಳಗೆ 1,000 ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಮುಗಿಸಬೇಕು. ಬನ್ ಬರ್ನರ್ 1500ರಲ್ಲಿ 36 ಗಂಟೆಗೆ 1,500 ಮೈಲಿ, ಸುಮಾರು 2,415 ಕಿ.ಮೀ. ಇಂಥ ಸವಾರಿಗಳಲ್ಲಿ ಸೂರ್ಯೋದಯವೂ ಸೂರ್ಯಾಸ್ತವೂ ರಸ್ತೆಯ ಮೇಲೆಯೇ ಆಗುತ್ತವೆ. ಅವನ್ನು ತಪ್ಪಿಸಲಾಗದು. ಆದರೆ ಆ ಹೊತ್ತಿಗೆ ನಿಮ್ಮ ಮುಖ ಯಾವ ಕಡೆಗಿರಬೇಕು, ಗಾಡಿ ಓಡುತ್ತಿರಬೇಕೋ ಸ್ಟ್ಯಾಂಡ್ ಹಾಕಿ ನಿಂತಿರಬೇಕೋ ಎಂಬುದು ನಿಮ್ಮ ಕೈಯಲ್ಲಿದೆ. ಈ ಬರಹ ಅದರ ಬಗ್ಗೆ.

ಕಣ್ಣಿಗೆ ಆಗುವುದೇನು

ಬಿಸಿಲು ಕಣ್ಣಿಗೆ ಹೊಡೆದಾಗ ನೋವಾಗುವುದು ಬೇರೆ, ಕಾಣದೇ ಹೋಗುವುದು ಬೇರೆ. ಎರಡನೆಯದು ಹೆಚ್ಚು ಅಪಾಯಕಾರಿ. ಪ್ರಖರ ಬೆಳಕು ಕಣ್ಣಿನೊಳಗೆ ಚದುರಿ, ರಸ್ತೆಗೂ ನಮಗೂ ನಡುವೆ ತೆಳು ಬಿಳಿ ಪರದೆ ಇಳಿಬಿಟ್ಟಂತೆ ಆಗುತ್ತದೆ. ಗುಂಡಿ, ಬಿದ್ದ ಜಲ್ಲಿ, ಮುಂದಿನ ವಾಹನದ ಬ್ರೇಕ್ ದೀಪ ಎಲ್ಲವೂ ಅಲ್ಲೇ ಇರುತ್ತವೆ, ಹಿನ್ನೆಲೆಯಿಂದ ಬೇರೆಯಾಗಿ ಎದ್ದು ಕಾಣುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರದಲ್ಲಿ ಬೆಳಕು ಹೆಚ್ಚು ಚದುರುತ್ತದೆ. ಆದ್ದರಿಂದ 25ರ ಸವಾರನಿಗೆ ಕಿರಿಕಿರಿಯಷ್ಟೇ ಆಗುವ ಬಿಸಿಲು 55ರ ಸವಾರನಿಗೆ ನಿಜಕ್ಕೂ ಕುರುಡು ಕವಿಸಬಹುದು. ಜೊತೆ ಸವಾರಿಯಲ್ಲಿ ವೇಗವನ್ನು ಗುಂಪಿನ ಹಿರಿಯ ಕಣ್ಣುಗಳಿಗೆ ತಕ್ಕಂತೆ ಇಡಬೇಕಾದ್ದು ಇದಕ್ಕೇ.

ಗಂಟೆಗೆ 90 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಕಣ್ಣು ಕೋರೈಸಿತು ಅಂದರೆ 50 ಮೀಟರ್ ಏನೂ ಕಾಣದೆ ಓಡಿಸಿದಂತಾಯಿತು.

ನಮ್ಮ ಪಾಲಿಗೆ ಒಳ್ಳೆಯ ಸುದ್ದಿಯೂ ಒಂದಿದೆ. ನಾವು ನೋಡುವ ದಿಕ್ಕಿನಿಂದ ಬೆಳಕು ಎಷ್ಟು ಕೋನ ಸರಿದಿದೆ ಎಂಬುದರ ವರ್ಗಕ್ಕೆ ಹೆಚ್ಚುಕಡಿಮೆ ಸರಿಯಾಗಿ ಈ ಪರದೆ ತೆಳುವಾಗುತ್ತದೆ. ಬೆಳಕಿನ ತೀವ್ರತೆ ಅಷ್ಟೇ ಇದ್ದರೆ, 5 ಡಿಗ್ರಿಯಿಂದ 10 ಡಿಗ್ರಿಗೆ ಸರಿದಾಗ ತೊಂದರೆ ಕಾಲುಭಾಗಕ್ಕೆ ಇಳಿಯುತ್ತದೆ, 20ಕ್ಕೆ ಹೋದರೆ ಹದಿನಾರನೇ ಒಂದು ಭಾಗಕ್ಕೆ. ಮೇಲೇರಿದಷ್ಟೂ ಬಿಸಿಲು ಪ್ರಖರವಾಗುವುದರಿಂದ ನಿಜದಲ್ಲಿ ಲಾಭ ಇಷ್ಟು ಸಿಗದು, ಆದರೂ ದೊಡ್ಡದೇ. ಮುಕ್ಕಾಲು ಗಂಟೆ ಕಾದರೆ ಸಾಕು ಅನ್ನುವ ಧೈರ್ಯ ಬರುವುದು ಈ ಲೆಕ್ಕದಿಂದ.

ಹೆಜ್ಜೆ 1: ನಿಮ್ಮ ಅಪಾಯದ ಹೊತ್ತು ಎಷ್ಟು ಉದ್ದ?

ನಾನು ಇಟ್ಟುಕೊಂಡಿರುವ ಗೆರೆ ಇದು: ಸೂರ್ಯ ದಿಗಂತದಿಂದ 20 ಡಿಗ್ರಿಗಿಂತ ಕೆಳಗಿದ್ದು, ನಾನು ಹೋಗುವ ದಿಕ್ಕಿನ ಎಡಬಲಕ್ಕೆ 30 ಡಿಗ್ರಿಯೊಳಗಿದ್ದರೆ ಅದು ಕೆಂಪು ಹೊತ್ತು. 10 ಡಿಗ್ರಿಗಿಂತ ಕೆಳಗಿದ್ದರೆ, ಇಕ್ಕಟ್ಟಿನ ರಸ್ತೆಯಲ್ಲಿ ಗಾಡಿ ಓಡಿಸುವುದೇ ಬೇಡ.

ಈ ಹೊತ್ತಿನ ಉದ್ದ ಎಲ್ಲ ಕಡೆ ಒಂದೇ ಅಲ್ಲ. ಸಮಭಾಜಕದ ಹತ್ತಿರ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ದೂರದ ಅಕ್ಷಾಂಶಗಳಲ್ಲಿ ಓರೆಯಾಗಿ ಏರುತ್ತಾ ದಿಗಂತದ ಬಳಿಯೇ ಹೊತ್ತು ಕಳೆಯುತ್ತಾನೆ. ಹಗಲಿರುಳು ಸಮ ಇರುವ ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ, ಹುಟ್ಟಿದ ಮೇಲೆ 20 ಡಿಗ್ರಿ ಎತ್ತರಕ್ಕೆ ಏರಲು ಸಮಭಾಜಕದಲ್ಲಿ ಸುಮಾರು 1 ಗಂಟೆ 20 ನಿಮಿಷ ಬೇಕು. 40 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 1 ಗಂಟೆ 45 ನಿಮಿಷ. 60 ಡಿಗ್ರಿಯಲ್ಲಿ ಮೂರು ಗಂಟೆಗೆ ಹತ್ತಿರ. ಬರೀ 10 ಡಿಗ್ರಿ ಸಾಕು ಅಂದರೆ ಈ ಮೂರು ಕಡೆ ಕ್ರಮವಾಗಿ ಸುಮಾರು 40, 52 ಮತ್ತು 81 ನಿಮಿಷ. ಸಂಜೆಗೂ ಇದೇ ಲೆಕ್ಕ, ತಿರುಗುಮುರುಗಾಗಿ.

ಚಳಿಗಾಲದಲ್ಲಿ ದೂರದ ಅಕ್ಷಾಂಶದ ಸವಾರಿ ಅಂದರೆ ಇನ್ನೊಂದೇ ಆಟ. ಉತ್ತರದ 60 ಡಿಗ್ರಿಯಲ್ಲಿ ಡಿಸೆಂಬರ್ ಕೊನೆಯ ವಾರದ ನಡುಹಗಲಿಗೂ ಸೂರ್ಯ ಬರೀ ಆರೂವರೆ ಡಿಗ್ರಿ ಎತ್ತರದಲ್ಲಿರುತ್ತಾನೆ. ಅಲ್ಲಿ ದಕ್ಷಿಣಕ್ಕೆ ಹೋಗುವವನಿಗೆ ಮಧ್ಯಾಹ್ನವೇ ಕೆಂಪು ಹೊತ್ತು. "ಬೆಳಿಗ್ಗೆ ಸಂಜೆ ಮಾತ್ರ ಜೋಪಾನ" ಎಂಬ ಮಾತು ಅಲ್ಲಿಗೆ ಹೊಂದುವುದಿಲ್ಲ.

ದಾರಿಯಲ್ಲಿ ಅಳೆಯಲು ಕೈಯೇ ಸಾಕು. ಗಾಡಿ ನಿಲ್ಲಿಸಿ, ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಮುಷ್ಟಿಯ ಕೆಳಅಂಚನ್ನು ದಿಗಂತಕ್ಕೆ ತಾಗಿಸಿ. ಒಂದು ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ಒಂದರ ಮೇಲೊಂದು ಎರಡು ಮುಷ್ಟಿ ಇಟ್ಟರೂ ಸೂರ್ಯ ಮೇಲೆಯೇ ಇದ್ದರೆ ಹೊರಡಬಹುದು. ಸೂರ್ಯನನ್ನೇ ದಿಟ್ಟಿಸಬೇಡಿ, ಮುಷ್ಟಿಯಿಂದ ಅವನನ್ನು ಮರೆಮಾಡಿ ಅಳೆಯಿರಿ. ನಾಲ್ಕು ಬೆರಳು ಅಡ್ಡ ಹಿಡಿದರೆ ಸೂರ್ಯಾಸ್ತಕ್ಕೆ ಒಂದು ಗಂಟೆ ಎಂದು ಚಾರಣಿಗರು ಹೇಳುವುದುಂಟು. ಸಮಭಾಜಕದ ಆಸುಪಾಸಿನಲ್ಲಿ ಅದನ್ನು ನಂಬಿದರೆ ಕತ್ತಲಲ್ಲಿ ಸಿಕ್ಕಿಕೊಳ್ಳುತ್ತೀರಿ. ನಾಲ್ಕು ಬೆರಳು ಅಂದರೆ ಸುಮಾರು 8 ಡಿಗ್ರಿ, ಅಲ್ಲಿ ಸೂರ್ಯ ಅಷ್ಟು ಇಳಿಯಲು ಅರ್ಧ ಗಂಟೆ ಸಾಕು.

ಹೆಜ್ಜೆ 2: ಬಿಸಿಲಿನ ಹಾಳೆ

ದಾರಿಯನ್ನು 100ರಿಂದ 150 ಕಿ.ಮೀ.ಗಳ ತುಂಡುಗಳಾಗಿ ಮಾಡಿ. ರಸ್ತೆ ಎದ್ದು ಕಾಣುವಂತೆ ತಿರುಗುವಲ್ಲಿ ಇನ್ನೂ ಚಿಕ್ಕದಾಗಿ ತುಂಡರಿಸಿ. ಪ್ರತಿ ತುಂಡಿಗೂ ಐದು ಕಲಂ: ಎಲ್ಲಿಂದ ಎಲ್ಲಿಗೆ, ಅಲ್ಲಿ ನೀವಿರುವ ಅಂದಾಜು ಹೊತ್ತು, ರಸ್ತೆಯ ದಿಕ್ಕು ಡಿಗ್ರಿಯಲ್ಲಿ, ಆ ಹೊತ್ತಿಗೆ ಸೂರ್ಯನ ದಿಕ್ಕು, ಸೂರ್ಯನ ಎತ್ತರ. ದಿಕ್ಕನ್ನು ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270 ಎಂದು ಎಣಿಸಿ. ಸೂರ್ಯನ ದಿಕ್ಕು ಮತ್ತು ಎತ್ತರ ಸನ್‌ಕ್ಯಾಲ್ಕ್ ತಾಣದಲ್ಲೋ ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಸೋಲಾರ್ ಕ್ಯಾಲ್ಕುಲೇಟರ್‌ನಲ್ಲೋ ಸಿಗುತ್ತದೆ. ಊರು, ದಿನಾಂಕ, ಗಂಟೆ ಕೊಟ್ಟರಾಯಿತು.

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಕಣ್ಣುಮುಚ್ಚಿ 90 ಬರೆಯಬೇಡಿ. ನೇರ ಪೂರ್ವದಲ್ಲಿ ಹುಟ್ಟುವುದು ವರ್ಷದಲ್ಲಿ ಎರಡು ಸಲ ಮಾತ್ರ. ಜೂನ್ ಮತ್ತು ಡಿಸೆಂಬರ್‌ನ ಕೊನೆಯ ಹತ್ತು ದಿನಗಳಲ್ಲಿ ಸಮಭಾಜಕದಲ್ಲಿ ಸುಮಾರು 23 ಡಿಗ್ರಿ, 40 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 31, 60ರಲ್ಲಿ 50ಕ್ಕೂ ಹೆಚ್ಚು ಡಿಗ್ರಿ ಆಚೀಚೆ ಸರಿದಿರುತ್ತಾನೆ. ಹಾಗಾಗಿ ನಕ್ಷೆಯಲ್ಲಿ ಈಶಾನ್ಯಕ್ಕೆ ಹೋಗುವ ರಸ್ತೆ ಜೂನ್ ಮುಂಜಾನೆ ನೇರ ಕಣ್ಣಿಗೆ ಹೊಡೆಯಬಹುದು, ಅದೇ ರಸ್ತೆ ಡಿಸೆಂಬರ್‌ನಲ್ಲಿ ನಿರಪಾಯ. ಕಳೆದ ಬಾರಿ ಹೋದಾಗ ಏನೂ ಆಗಿರಲಿಲ್ಲ ಎಂಬ ನೆನಪು ತಿಂಗಳು ಬದಲಾದರೆ ಲೆಕ್ಕಕ್ಕಿಲ್ಲ.

ಪೂರ್ವ ಪಶ್ಚಿಮವಾಗಿ ದೂರ ಹೋಗುವವರು ರೇಖಾಂಶವನ್ನೂ ಗಮನಿಸಬೇಕು. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಸಮಭಾಜಕದಲ್ಲಿ ಪಶ್ಚಿಮಕ್ಕೆ 800 ಕಿ.ಮೀ. ಹೋದರೆ ಸೂರ್ಯಾಸ್ತ ಸುಮಾರು ಅರ್ಧ ಗಂಟೆ ಮುಂದೆ ಹೋಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ದೂರಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಆದ್ದರಿಂದ ಹೊರಟ ಊರಿನ ಸೂರ್ಯಾಸ್ತದ ಸಮಯ ಇಡೀ ದಾರಿಗೆ ಸಾಕಾಗದು, ಆ ಹೊತ್ತಿಗೆ ಎಲ್ಲಿರುತ್ತೀರೋ ಅಲ್ಲಿಯದನ್ನೇ ತೆಗೆಯಿರಿ. ಕಾಲವಲಯ ದಾಟುವುದಿದ್ದರೆ ಹಾಳೆ ಪೂರ್ತಿ ಒಂದೇ ವಲಯದ ಗಂಟೆಯಲ್ಲಿರಲಿ. ನಿದ್ದೆಗಣ್ಣಿನಲ್ಲಿ ಕೂಡಿ ಕಳೆಯುವ ಕೆಲಸ ಬೇಡ.

ಹೆಜ್ಜೆ 3: ಹೊರಡುವ ಹೊತ್ತು

"ನಸುಕಿನಲ್ಲೇ ಹೊರಟುಬಿಡೋಣ" ಎಂಬುದು ಎಲ್ಲರ ಬಾಯಲ್ಲೂ ಬರುವ ಮಾತು. ಎಷ್ಟೋ ಸಲ ಅದು ಸರಿ, ಕೆಲವು ಸಲ ಶುದ್ಧ ತಪ್ಪು. ದಿಕ್ಕು ನೋಡದೆ ಹೇಳಲಾಗದು.

ಹೋಗಿ ಬರುವ ಸವಾರಿಯಾದರೆ ಸುಲಭ: ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ. ನಸುಕಿನ ಐದಕ್ಕೆ ಪಶ್ಚಿಮದ ಕಡೆ ಹೊರಟು, ಮಧ್ಯಾಹ್ನ ಮೂರರ ಒಳಗೆ ತಿರುಗಿದರೆ ಎರಡೂ ಹೊತ್ತಿನ ಸೂರ್ಯ ಬೆನ್ನಿಗೇ ಬೀಳುತ್ತಾನೆ. ಇದನ್ನೇ ತಿರುವುಮುರುವು ಮಾಡಿ ಬೆಳಿಗ್ಗೆ ಪೂರ್ವಕ್ಕೆ ಹೊರಟರೆ ಎರಡೂ ಹೊತ್ತು ಮುಖಕ್ಕೇ. ದೂರವೂ ರಸ್ತೆಯೂ ಒಂದೇ ಆಗಿದ್ದು ದಿಕ್ಕು ಮಾತ್ರ ಅದಲುಬದಲಾಗಿದೆ.

ಒಂದೇ ದಿಕ್ಕಿನ ಸವಾರಿ ಕಷ್ಟದ್ದು. ಪೂರ್ವಕ್ಕೆ 24 ಗಂಟೆ ಹೋಗಬೇಕು ಅಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಆರಾಮಾಗಿ ಹೊರಟರೆ ಅಂದಿನ ಬಿಸಿಲಿನದು ತಕರಾರಿಲ್ಲ, ಸಂಜೆಯದು ಬೆನ್ನಿಗೆ. ಆದರೆ ಮರುದಿನದ ಸೂರ್ಯೋದಯ 22ನೇ ಗಂಟೆಯಲ್ಲಿ ನೇರ ಮುಖಕ್ಕೆ ಬರುತ್ತದೆ. ರಾತ್ರಿಯಿಡೀ ಓಡಿಸಿದ್ದೀರಿ, ಬೆಳಗಿನ ಜಾವದ ತೂಕಡಿಕೆ ಇನ್ನೂ ಇಳಿದಿಲ್ಲ, ಕಣ್ಣು ಕತ್ತಲೆಗೆ ಹೊಂದಿಕೊಂಡಿದೆ, ಕೈಯಲ್ಲಿ ಎರಡೇ ಗಂಟೆ ಉಳಿದಿದೆ. ನಿಲ್ಲಲು ಸಮಯವೂ ಇಲ್ಲ, ಮನಸ್ಸೂ ಬಾರದು. ಇದಕ್ಕಿಂತ ಕೆಟ್ಟ ಹೊಂದಾಣಿಕೆ ಹುಡುಕಿದರೂ ಸಿಗದು. ಅದೇ ಬೆಳಗಿನ ಮೂರಕ್ಕೆ ಹೊರಟರೆ ಎದುರು ಬಿಸಿಲು ಮೂರನೇ ಗಂಟೆಯಲ್ಲೇ ಸಿಗುತ್ತದೆ. ಮೈ ಹಸನಾಗಿರುತ್ತದೆ, ಆರರಿಂದ ಏಳರವರೆಗೆ ತಿಂಡಿಗೆ ನಿಂತರೂ ಮುಂದೆ ಸರಿದೂಗಿಸಲು ಇಡೀ ದಿನವಿದೆ. ಮೂರಕ್ಕೆ ಹೊರಡಬೇಕಾದರೆ ಹಿಂದಿನ ಸಂಜೆ ಬೇಗ ಮಲಗುವುದು ಕಡ್ಡಾಯ. ಅದು ಆಗದಿದ್ದರೆ ಈ ಉಪಾಯ ಬಿಟ್ಟು ಬೇರೆ ದಿನ ನೋಡಿ.

36 ಗಂಟೆಯ ಸವಾರಿಯಲ್ಲಿ ಲೆಕ್ಕ ಇನ್ನೂ ಸೊಗಸು. 36 ಗಂಟೆಯಲ್ಲಿ ಉದಯ, ಅಸ್ತ ಎರಡೂ ಸೇರಿ ಮೂರು ಬರುತ್ತವೆ: ಎರಡು ಉದಯ ಒಂದು ಅಸ್ತ, ಇಲ್ಲವೇ ಒಂದು ಉದಯ ಎರಡು ಅಸ್ತ. ಯಾವುದು ಎರಡು ಸಲ ಬರಬೇಕು ಎಂಬುದನ್ನು ಹೊರಡುವ ಹೊತ್ತೇ ತೀರ್ಮಾನಿಸುತ್ತದೆ. ಪೂರ್ವಕ್ಕೆ ಹೋಗುವವರು ಮಧ್ಯಾಹ್ನ ಎರಡಕ್ಕೆ ಹೊರಟರೆ ಅಸ್ತ, ಉದಯ, ಅಸ್ತ ಎಂದು ಸಿಗುತ್ತವೆ, ಮುಖಕ್ಕೆ ಬೀಳುವುದು ಒಂದೇ. ಆ ಒಂದು ಉದಯದ ಹೊತ್ತನ್ನು ನಿದ್ದೆಗೆ ಕೊಟ್ಟುಬಿಡಿ, ನಾಲ್ಕರಿಂದ ಏಳರವರೆಗೆ. ಪಶ್ಚಿಮಕ್ಕೆ ಹೋಗುವವರು ಬೆಳಗಿನ ನಾಲ್ಕಕ್ಕೆ ಹೊರಟರೆ ಉದಯ, ಅಸ್ತ, ಉದಯ. ಮುಖಕ್ಕೆ ಬೀಳುವ ಆ ಒಂದು ಸಂಜೆ ಊಟಕ್ಕೆ.

ಹೆಜ್ಜೆ 4: ನಿಲ್ಲುವುದನ್ನು ಬಿಸಿಲಿಗೆ ಜೋಡಿಸಿ

ಬಿಸಿಲಿಗೆಂದು ನಿಂತರೆ ಸಮಯ ಹಾಳು ಎಂಬುದು ಸಾಮಾನ್ಯ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. 1,610 ಕಿ.ಮೀ.ಗೆ ಗಾಡಿ ಓಡುವಾಗಿನ ಸರಾಸರಿ ಗಂಟೆಗೆ 92 ಕಿ.ಮೀ. ಇದ್ದರೆ ಓಟಕ್ಕೆ ಹದಿನೇಳೂವರೆ ಗಂಟೆ ಬೇಕು. ಉಳಿದದ್ದು ಆರೂವರೆ ಗಂಟೆ. ಪೆಟ್ರೋಲ್‌ಗೆ ಆರು ಸಲ ಕಾಲು ಕಾಲು ಗಂಟೆ ಅಂದರೆ ಒಂದೂವರೆ ಗಂಟೆ, ಊಟಕ್ಕೆ 45 ನಿಮಿಷ, ನಿದ್ದೆಗೆ ಒಂದೂವರೆ ಗಂಟೆ. ಕೆಂಪು ಹೊತ್ತಿಗೆ 40 ನಿಮಿಷದಂತೆ ಎರಡು ಸಲ ನಿಂತರೂ ಇನ್ನೂ ಸುಮಾರು ಒಂದು ಗಂಟೆ 25 ನಿಮಿಷ ಕೈಯಲ್ಲಿ ಉಳಿಯುತ್ತದೆ.

ಬುದ್ಧಿವಂತರು ಹೆಚ್ಚುವರಿಯಾಗಿ ನಿಲ್ಲುವುದೂ ಇಲ್ಲ, ಹೇಗೂ ನಿಲ್ಲಬೇಕಾದದ್ದನ್ನು ಕೆಂಪು ಹೊತ್ತಿಗೆ ತಂದು ಕೂರಿಸುತ್ತಾರೆ. ಪೆಟ್ರೋಲ್, ಊಟ, ಚೈನ್‌ಗೆ ಎಣ್ಣೆ, ಹೆಲ್ಮೆಟ್ಟಿನ ವೈಸರ್ ಒರೆಸುವುದು, ಮನೆಗೆ ಫೋನ್, ಎಲ್ಲವೂ ಒಂದೇ ನಿಲುಗಡೆಯಲ್ಲಿ. ಪೆಟ್ರೋಲ್ ಇನ್ನೂ ಅರ್ಧ ಟ್ಯಾಂಕ್ ಇದೆ ಎಂದು ಮುಂದಿನ ಬಂಕ್‌ವರೆಗೆ ಎಳೆಯಬೇಡಿ. ಸಮಯ ದಾಖಲಾದ ಪೆಟ್ರೋಲ್ ರಸೀದಿ ಇಂಥ ಸವಾರಿಗಳಿಗೆ ಹೇಗೂ ಪುರಾವೆಯಾಗಿ ಬೇಕು, ಆ ರಸೀದಿ ಕೆಂಪು ಹೊತ್ತಿನ ಆರಂಭದಲ್ಲಿ ಬಿದ್ದರೆ ಇನ್ನೂ ಒಳ್ಳೆಯದು.

ನಿಲ್ಲಲು ಜಾಗವನ್ನೂ ಮೊದಲೇ ಗುರುತಿಸಿ. ರಸ್ತೆಯ ಅಂಚಿನಲ್ಲಿ ನಿಂತರೆ ಅದೇ ಬಿಸಿಲಿಗೆ ಕಣ್ಣು ಕುಕ್ಕಿಸಿಕೊಂಡು ಬರುವ ಇನ್ನೊಬ್ಬನಿಗೆ ನೀವೇ ಕಾಣುವುದಿಲ್ಲ. ರಸ್ತೆಯಿಂದ ಪೂರ್ತಿ ಹೊರಗಿರುವ ಅಂಗಳವೇ ಬೇಕು.

ಹೆಜ್ಜೆ 5: ಬೆನ್ನ ಹಿಂದಿನ ಸೂರ್ಯ

ಮುಖಕ್ಕೆ ಬಿಸಿಲು ಹೊಡೆದರೆ ನಾವೇ ವೇಗ ಇಳಿಸುತ್ತೇವೆ. ಬೆನ್ನಿಗಿದ್ದಾಗ ರಸ್ತೆ ಬಂಗಾರದ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮನಸ್ಸು ಹಗುರಾಗುತ್ತದೆ, ಕೈ ತಾನಾಗಿ ಆಕ್ಸಿಲರೇಟರ್ ತಿರುವುತ್ತದೆ. ನನ್ನ ಅಭಿಪ್ರಾಯದಲ್ಲಿ ಇದೇ ಹೆಚ್ಚು ಕಪಟದ ಹೊತ್ತು. ಎದುರಿನಿಂದ ಬರುವ ಪ್ರತಿಯೊಬ್ಬನೂ ನೇರ ಸೂರ್ಯನನ್ನು ನೋಡುತ್ತಿದ್ದಾನೆ, ಆ ಸೂರ್ಯನ ಕೆಳಗೆ ನೀವಿದ್ದೀರಿ. ಲಾರಿ ಕಪ್ಪು ಆಕಾರವಾಗಿಯಾದರೂ ಕಂಡೀತು, ಬೈಕ್ ಆ ಬೆಳಕಿನಲ್ಲಿ ಕರಗಿಯೇ ಹೋಗುತ್ತದೆ. ಹೆಡ್‌ಲೈಟ್ ಹಾಕಿದ್ದರೂ ಸೂರ್ಯನ ಮುಂದೆ ಅದಕ್ಕೆ ಬೆಲೆ ಇಲ್ಲ.

ಗುರುತಿಸುವುದು ಸುಲಭ. ನಿಮ್ಮ ನೆರಳನ್ನು ನೋಡಿ. ಅದು ಉದ್ದವಾಗಿ ಚಾಚಿ ಯಾವ ವಾಹನದತ್ತ ಬೆರಳು ತೋರಿಸುತ್ತಿದೆಯೋ ಆ ಚಾಲಕನಿಗೆ ನೀವು ಕಾಣುತ್ತಿಲ್ಲ ಎಂದೇ ತಿಳಿಯಿರಿ. ಕೂಡುರಸ್ತೆಯಲ್ಲಿ ಅವನು ನಿಮ್ಮ ಮುಂದೆ ಅಡ್ಡ ತಿರುಗಬಹುದು, ಓವರ್‌ಟೇಕ್ ಮಾಡಲು ನಿಮ್ಮ ಪಥಕ್ಕೇ ಬರಬಹುದು. ವೇಗ ಇಳಿಸಿ, ಬ್ರೇಕ್ ಮೇಲೆ ಬೆರಳಿಡಿ, ಸಾಧ್ಯವಾದರೆ ನಿಮ್ಮದೇ ದಿಕ್ಕಿಗೆ ಹೋಗುವ ದೊಡ್ಡ ವಾಹನದ ಹಿಂದೆ ಸಾಕಷ್ಟು ಅಂತರ ಬಿಟ್ಟು ಹೋಗಿ. ಅದು ಕಂಡರೆ ಕೂಡುರಸ್ತೆಯವನು ನಿಲ್ಲುತ್ತಾನೆ.

ಆದ್ದರಿಂದ ಬೆನ್ನ ಬಿಸಿಲಿನ ಯೋಜನೆ ನಡುವೆ ವಿಭಜಕವಿರುವ ಹೆದ್ದಾರಿಗೆ ಚೆನ್ನಾಗಿ ಒಪ್ಪುತ್ತದೆ. ಎರಡೇ ಪಥದ, ಹೆಜ್ಜೆಗೊಂದು ಕೂಡುರಸ್ತೆ ಇರುವ ದಾರಿಯಾದರೆ ಬಿಸಿಲು ಬೆನ್ನಿಗಿದ್ದರೂ ಹಾಳೆಯಲ್ಲಿ ಆ ತುಂಡಿಗೆ ಹಳದಿ ಗುರುತು ಹಾಕಿ. ಹಿಂದಿನ ಬಿಸಿಲು ಕನ್ನಡಿಯಲ್ಲೂ ಹೊಡೆಯುತ್ತದೆ, ಪಥ ಬದಲಿಸುವ ಮುಂಚೆ ತಲೆ ತಿರುಗಿಸಿಯೇ ನೋಡಬೇಕು.

ಹೆಜ್ಜೆ 6: ವೈಸರ್, ಕನ್ನಡಕ, ಟೇಪು

ಮೊದಲ ಖರ್ಚು ಹೊಸ ಪಾರದರ್ಶಕ ವೈಸರ್‌ಗೆ ಇರಲಿ. ಕೈಗೆ ತಗಲದಷ್ಟು ಸಣ್ಣ ಗೀರುಗಳು ನಡುಹಗಲಲ್ಲಿ ಕಾಣುವುದೇ ಇಲ್ಲ, ಇಳಿಬಿಸಿಲು ಬಿದ್ದ ಕ್ಷಣ ಒಂದೊಂದೂ ಹೊಳೆದು ಇಡೀ ವೈಸರ್ ಬೆಳ್ಳಗಾಗುತ್ತದೆ. ಪರೀಕ್ಷೆ ಹೀಗೆ: ಕತ್ತಲ ಕೋಣೆಯಲ್ಲಿ ಟಾರ್ಚನ್ನು ವೈಸರ್‌ನ ಆಚೆ ಬದಿಯಿಂದ ಓರೆಯಾಗಿ ಹಿಡಿದು, ಈಚೆಯಿಂದ ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂಥ ವೃತ್ತ ಕಂಡರೆ ಬದಲಿಸುವ ಕಾಲ ಬಂದಿದೆ.

ಗೀರು ಬೀಳುವುದು ಹೆಚ್ಚಾಗಿ ಒರೆಸುವಾಗ. ಒಣಗಿದ ಹುಳುಗಳನ್ನು ಉಜ್ಜಬೇಡಿ. ಒದ್ದೆ ಬಟ್ಟೆಯನ್ನು ವೈಸರ್ ಮೇಲೆ ಹೊದಿಸಿ ಐದು ನಿಮಿಷ ಬಿಡಿ, ನೀವು ಪೆಟ್ರೋಲ್ ಹಾಕಿಸಿ ಬರುವಷ್ಟರಲ್ಲಿ ಮೆತ್ತಗಾಗಿ ತಾನೇ ಜಾರಿ ಬರುತ್ತವೆ. ಆಮೇಲೆ ಮೈಕ್ರೋಫೈಬರ್ ಬಟ್ಟೆ. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ವೈಸರ್‌ನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ.

ಬಣ್ಣದ ವೈಸರ್ ಹಾಕಿ, ಒಳಗೆ ತಂಪು ಕನ್ನಡಕವನ್ನೂ ಹಾಕುವವರಿದ್ದಾರೆ. ಗುಣಿಸಿ ನೋಡಿ: ವೈಸರ್ 50 ಶೇಕಡಾ ಬೆಳಕು ಬಿಟ್ಟರೆ, ಕನ್ನಡಕ ಅದರಲ್ಲಿ 15 ಶೇಕಡಾ ಬಿಟ್ಟರೆ, ಕಣ್ಣಿಗೆ ತಲುಪುವುದು ಏಳೂವರೆ ಶೇಕಡಾ. ತಂಪು ಕನ್ನಡಕಗಳ ವರ್ಗೀಕರಣದಲ್ಲಿ 3ರಿಂದ 8 ಶೇಕಡಾ ಬೆಳಕು ಬಿಡುವುದು 4ನೇ ವರ್ಗ. ವಾಹನ ಓಡಿಸುವಾಗ ಹಾಕಲೇಬಾರದೆಂದು ಹೇಳುವ ವರ್ಗವದು. 8ರಿಂದ 18 ಶೇಕಡಾದ 3ನೇ ವರ್ಗ, 18ರಿಂದ 43ರ 2ನೇ ವರ್ಗ ಹಗಲಿಗೆ ಸಾಕು. ವೈಸರ್ ಬಣ್ಣದ್ದಾದರೆ ಕನ್ನಡಕ ಬೇಡ, ಕನ್ನಡಕ ಹಾಕಿದರೆ ವೈಸರ್ ಪಾರದರ್ಶಕವಿರಲಿ. ಹೆಲ್ಮೆಟ್‌ಗಳ ಯುರೋಪಿಯನ್ ಮಾನದಂಡ ಇಸಿಇ 22.05ರಲ್ಲಿ (ಈಗ ಅದರ ಜಾಗಕ್ಕೆ 22.06 ಬಂದಿದೆ) 80 ಶೇಕಡಾಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಮೇಲೆ ಹಗಲು ಬಳಕೆಗೆ ಮಾತ್ರ ಎಂಬ ಗುರುತಿರುತ್ತದೆ. ಸಂಜೆ ದಾಟಿ ರಾತ್ರಿಗೂ ಹೋಗುವ ಸವಾರಿಗೆ ಅದೊಂದನ್ನೇ ನಂಬಿ ಹೊರಡುವಂತಿಲ್ಲ. ನನ್ನ ಓಟು ಪಾರದರ್ಶಕ ವೈಸರ್ ಮತ್ತು ಹೆಲ್ಮೆಟ್ಟಿನೊಳಗೆ ಪುಟ್ಟ ಲಿವರ್ ತಿರುವಿದರೆ ಇಳಿಯುವ ತಂಪು ಪಟ್ಟಿಗೆ. ಸುರಂಗ ಬಂದಾಗ ಒಂದೇ ಬೆರಳಿನಲ್ಲಿ ಮೇಲೆತ್ತಬಹುದು.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಕನ್ನಡಕ ಹೆಲ್ಮೆಟ್ಟಿನೊಳಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದು ಕಪ್ಪಾಗಲು ನೇರಳಾತೀತ ಕಿರಣ ಬೇಕು, ವೈಸರ್ ಅದನ್ನು ಮೊದಲೇ ತಡೆದಿರುತ್ತದೆ. ಪೋಲರೈಸ್ಡ್ ಗಾಜು ಒದ್ದೆ ರಸ್ತೆಯ ಹೊಳಪನ್ನು ಚೆನ್ನಾಗಿ ಕತ್ತರಿಸುತ್ತದೆ, ನಿಜ. ಆದರೆ ರಸ್ತೆಯ ಮೇಲೆ ಎಣ್ಣೆಯೋ ಹಿಮವೋ ಇದೆ ಎಂದು ಹೇಳುವುದೂ ಅದೇ ಹೊಳಪು. ಜೊತೆಗೆ ಬೈಕಿನ ಡಿಜಿಟಲ್ ಮೀಟರ್, ಫೋನಿನ ಪರದೆ ಕೆಲವು ಕೋನದಲ್ಲಿ ಕಪ್ಪಾಗಿ ಕಾಣುತ್ತವೆ, ವೈಸರ್ ಮೇಲೆ ಕಾಮನಬಿಲ್ಲಿನ ಮಚ್ಚೆಗಳು ಏಳುತ್ತವೆ. ಕೊಳ್ಳುವ ಮುಂಚೆ ನಿಮ್ಮ ಹೆಲ್ಮೆಟ್ ಹಾಕಿ, ನಿಮ್ಮ ಬೈಕ್ ಮೇಲೆ ಕೂತು ನೋಡಿ.

ಇಷ್ಟೆಲ್ಲದರ ನಡುವೆ ಅತಿ ಅಗ್ಗದ ಉಪಾಯ ಕಪ್ಪು ಇನ್ಸುಲೇಷನ್ ಟೇಪು. ವೈಸರ್‌ನ ಹೊರಬದಿಗೆ, ಮೇಲಂಚಿನ ಉದ್ದಕ್ಕೂ, ಎರಡು ಬೆರಳಗಲ. ಬೈಕ್ ಮೇಲೆ ನಿಮ್ಮ ಎಂದಿನ ಭಂಗಿಯಲ್ಲಿ ಕೂತು, ಯಾರಿಂದಲಾದರೂ ಅಂಟಿಸಿಕೊಳ್ಳಿ. ನೇರ ನೋಡಿದಾಗ ಟೇಪು ಕಾಣಬಾರದು, ಗದ್ದವನ್ನು ಸ್ವಲ್ಪ ಎದೆಯತ್ತ ಬಾಗಿಸಿದಾಗ ಸೂರ್ಯ ಅದರ ಹಿಂದೆ ಅಡಗಬೇಕು. ರಸ್ತೆಯೂ ಕನ್ನಡಿಯೂ ಪೂರ್ತಿ ಕಾಣುತ್ತಿರಬೇಕು. ಹಣೆಯ ಮೇಲೆ ಮುಂಚಾಚು (ಪೀಕ್) ಇರುವ ಹೆಲ್ಮೆಟ್ ಇದ್ದವರಿಗೆ ಇದರ ಅಗತ್ಯ ಕಡಿಮೆ. ಬೈಕಿನ ಮುಂದಿನ ವಿಂಡ್‌ಸ್ಕ್ರೀನ್‌ನ ತುದಿ ನಿಮ್ಮ ದೃಷ್ಟಿಯ ಗೆರೆಗಿಂತ ಕೆಳಗಿರಲಿ. ಗೀರಾದ ಪ್ಲಾಸ್ಟಿಕ್ಕಿನ ಮೂಲಕ ಇಳಿಬಿಸಿಲನ್ನು ನೋಡುವಂತಾಗಬಾರದು.

ದಾರಿಯ ಮೇಲೆ ಸಿಗುವವು

ಸಾಲುಮರದ ರಸ್ತೆಯಲ್ಲಿ ಬಿಸಿಲು ಪಕ್ಕದಿಂದ ಬಿದ್ದರೆ ನೆರಳು ಬೆಳಕು ಪಟಪಟನೆ ಮಿಂಚುತ್ತದೆ. ಐದು ಮೀಟರಿಗೊಂದು ಮರವಿದ್ದು ವೇಗ 90 ಇದ್ದರೆ ಸೆಕೆಂಡಿಗೆ ಐದು ಸಲ. ತಲೆನೋವು, ತಲೆ ತಿರುಗು ಬರುವುದುಂಟು. ಮಿಣುಕು ಬೆಳಕಿಗೆ ಮೂರ್ಛೆ ಬರುವ ತೊಂದರೆ ಇರುವವರು ಇಂಥ ರಸ್ತೆಯನ್ನು ಆ ಹೊತ್ತಿಗೆ ದೂರವಿಡಬೇಕು. ಉತ್ತರ ದಕ್ಷಿಣದ ದಾರಿಗೆ ಬಿಸಿಲಿನ ಕಾಟವಿಲ್ಲ ಎನ್ನುವವರು ಮರೆಯುವುದು ಇದನ್ನೇ. ಗುಂಡಿಗಳೂ ಆ ನೆರಳಿನ ಪಟ್ಟೆಗಳಲ್ಲಿ ಅಡಗುತ್ತವೆ.

ಏರುದಾರಿಯಲ್ಲಿ ಸೂರ್ಯನತ್ತ ಹೋಗುವಾಗ ದೃಷ್ಟಿಯೇ ಮೇಲಕ್ಕಿರುತ್ತದೆ. 100 ಮೀಟರಿಗೆ 5 ಮೀಟರ್ ಏರುವ ರಸ್ತೆ ಸೂರ್ಯನನ್ನು ಸುಮಾರು 3 ಡಿಗ್ರಿ ಕೆಳಕ್ಕೆ ತಂದಂತೆ. ನೆರಳಿನಲ್ಲಿ ಏರಿ ದಿಬ್ಬದ ತುದಿಯಲ್ಲಿ ಒಮ್ಮೆಲೇ ಬಿಸಿಲಿಗೆ ಬೀಳುವ ಜಾಗಗಳಲ್ಲಿ, ಬಿಸಿಲು ಬೀಳುವ ಮುಂಚೆಯೇ ವೇಗ ಇಳಿದಿರಬೇಕು. ಸುರಂಗಕ್ಕೂ ಇದೇ ಮಾತು. ಇನ್ನೂ ನೂರು ಮೀಟರ್ ಇರುವಾಗಲೇ ತಂಪು ಪಟ್ಟಿ ಎತ್ತಿ.

ಮಳೆ ನಿಂತು ಬಿಸಿಲು ಬಂದರೆ ರಸ್ತೆಯೇ ಕನ್ನಡಿ. ಸೂರ್ಯ ಮೇಲೆ ಟೇಪಿನ ಹಿಂದೆ ಅಡಗಿದರೂ ಕೆಳಗಿನಿಂದ ಹೊಡೆಯುತ್ತಾನೆ. ಅಂಥಲ್ಲಿ ಹಾಳೆಯ ಹಳದಿಯೆಲ್ಲ ಕೆಂಪು ಎಂದೇ ಹಿಡಿಯಿರಿ. ಮಂಜಿನಲ್ಲಿ ಇಳಿಬಿಸಿಲು ಬಿದ್ದರೆ ಬಿಳಿ ಗೋಡೆ, ನಿಲ್ಲುವುದೊಂದೇ ದಾರಿ.

ನಡುಹಗಲು, ರಾತ್ರಿಯ ಸಲುವಾಗಿ

ಮಟಮಟ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವುದರಿಂದ ಕೋರೈಸುವ ಕಾಟ ಕಡಿಮೆ, ಝಳದ ಕಾಟ ಹೆಚ್ಚು. ಆಗ ತಂಪು ಕನ್ನಡಕ ಹಾಕಬೇಕಾದ್ದು ಆ ಹೊತ್ತಿಗಿಂತ ಹೆಚ್ಚಾಗಿ ರಾತ್ರಿಯ ಸಲುವಾಗಿ. ಗಂಟೆಗಟ್ಟಲೆ ಬರಿಗಣ್ಣಿಗೆ ಪ್ರಖರ ಬಿಸಿಲು ಬಿದ್ದರೆ ಅಂದು ರಾತ್ರಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದು ತಡವಾಗುತ್ತದೆ. ಗಾಳಿಗೆ ಕಣ್ಣು ಒಣಗಿದರೂ ಬೆಳಕು ಹೆಚ್ಚು ಚದುರುತ್ತದೆ. ಕಣ್ಣು ತೇವವಾಗಿಸುವ ಹನಿ ಕಿಸೆಯಲ್ಲಿರಲಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗಂತೂ. ಸನ್‌ಸ್ಕ್ರೀನ್ ಕತ್ತಿನ ಹಿಂಭಾಗಕ್ಕೆ, ಮೂಗಿಗೆ ಸಾಕು. ಹಣೆಗೆ ಹಚ್ಚಿದ್ದು ಬೆವರಿನ ಜೊತೆ ಕಣ್ಣಿಗಿಳಿದು ಉರಿಸುತ್ತದೆ. ಎತ್ತರದ ಪ್ರದೇಶದಲ್ಲಿ ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ 80 ಶೇಕಡಾವರೆಗೂ ವಾಪಸು ಎರಚುತ್ತದೆ. ವೈಸರ್ ಎತ್ತಿಕೊಂಡು ಓಡಿಸುವ ಅಭ್ಯಾಸ ಅಲ್ಲಿ ಬೇಡ. ಬಿಸಿಲಿಗೆ ಕಾದ ಫೋನು ತಾನೇ ಪರದೆಯನ್ನು ಮಂಕಾಗಿಸುತ್ತದೆ, ದಾರಿಯ ತಿರುವುಗಳನ್ನು ದಪ್ಪ ಅಕ್ಷರದಲ್ಲಿ ಕಾಗದಕ್ಕಿಳಿಸಿ ಟ್ಯಾಂಕ್ ಬ್ಯಾಗ್ ಮೇಲಿಡಿ.

ಸೂರ್ಯ ಮುಳುಗಿ 6 ಡಿಗ್ರಿ ಕೆಳಗಿಳಿಯುವವರೆಗಿನ ಮುಸ್ಸಂಜೆಯಲ್ಲಿ ಆಕಾಶ ಬೆಳಗಿರುತ್ತದೆ, ನೆಲ ಕಪ್ಪಾಗಿರುತ್ತದೆ. ಕೆಂಪು ಹೊತ್ತು ಮುಗಿಯಿತೆಂದು ಹಿಗ್ಗಿ ಹೊರಡುವವರು ಪ್ರಾಣಿಗಳು ರಸ್ತೆ ದಾಟುವ ಹೊತ್ತೂ ಇದೇ ಎಂಬುದನ್ನು ನೆನಪಿಡಬೇಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಮೇಲ್ಪಟ್ಟು ಬೇಕು. ಝಗಮಗಿಸುವ ಬಂಕ್‌ನಿಂದ ಹೊರಬಿದ್ದ ಮೊದಲ ಕೆಲವು ನಿಮಿಷ ನಿಧಾನ. ಎದುರು ವಾಹನದ ದೀಪ ಕಣ್ಣಿಗೆ ಬಿದ್ದಾಗ ನಿಮ್ಮ ಪಥದ ಹೊರಅಂಚಿನ ಬಿಳಿ ಗೆರೆಯತ್ತ ನೋಡಿ. ರಾತ್ರಿಗೆಂದು ಮಾರುವ ಹಳದಿ ಕನ್ನಡಕಗಳಿಂದ ಹೆಚ್ಚು ಕಾಣುವುದಿಲ್ಲ, ಇರುವ ಬೆಳಕೂ ಕಡಿಮೆಯಾಗುತ್ತದೆ. ಹಿಂದೆ ಲಗೇಜ್ ಏರಿಸಿದಾಗ ಬೈಕಿನ ಮೂತಿ ಮೇಲೆದ್ದು ಹೆಡ್‌ಲೈಟ್ ಮರದ ಕೊಂಬೆ ಬೆಳಗುತ್ತದೆ, ಎದುರಿನವರ ಕಣ್ಣಿಗೂ ಹೊಡೆಯುತ್ತದೆ. ಪೂರ್ತಿ ಲಗೇಜ್ ಕಟ್ಟಿ, ನೀವೇ ಕೂತು, ಗೋಡೆಗೆ ದೀಪ ಹಾಯಿಸಿ ಸರಿಪಡಿಸಿಕೊಳ್ಳಿ.

ಹೊರಡುವುದು ತಡವಾದರೆ

ಹೊರಡುವ ಬೆಳಿಗ್ಗೆ ನಲವತ್ತು ನಿಮಿಷ ತಡವಾಯಿತು ಅಂದುಕೊಳ್ಳಿ. ಇಡೀ ಹಾಳೆಯನ್ನು ನಲವತ್ತು ನಿಮಿಷ ಮುಂದೂಡಿದರೆ ತಪ್ಪಾಗುತ್ತದೆ. ಕೆಂಪು ಹೊತ್ತು ಗಡಿಯಾರಕ್ಕೆ ಅಂಟಿಕೊಂಡಿದೆ, ಸರಿದಿರುವುದು ಆ ಹೊತ್ತಿಗೆ ನೀವಿರುವ ಜಾಗ ಮಾತ್ರ. ನಿಮ್ಮ ಸರಾಸರಿಯಲ್ಲಿ ನಲವತ್ತು ನಿಮಿಷ ಅಂದರೆ ಸುಮಾರು 60 ಕಿ.ಮೀ. ಆದ್ದರಿಂದ ಪ್ರತಿ ಕೆಂಪು ಹೊತ್ತಿಗೂ ನಿಲ್ಲುವ ಜಾಗ ಎರಡು ಬರೆದಿಟ್ಟುಕೊಳ್ಳಿ: ಒಂದು ಯೋಜನೆಯಂತೆ ತಲುಪುವುದು, ಇನ್ನೊಂದು ಅದಕ್ಕಿಂತ 60 ಕಿ.ಮೀ. ಈಚೆಗೆ. ಎರಡರ ಪೆಟ್ರೋಲ್ ಬಂಕ್ ಆ ಹೊತ್ತಿಗೆ ತೆರೆದಿರುತ್ತದೆಯೇ ಎಂದು ಹಿಂದಿನ ರಾತ್ರಿಯೇ ಫೋನ್ ಮಾಡಿ ಕೇಳಿಕೊಳ್ಳಿ.